ಅವ್ವಾರ ಕ್ಯಾಮೆರಾ ನೆಟ್ಟಗಾಗೋತನಕ

ಕೆಟ್ಟ ಕ್ಯಾಮೆರಾ ನನಗೆ ಎಂದೂ ತೊಂದರೆ ಕೊಟ್ಟಿಲ್ಲ. ತೊಂದರೆ ಶುರುವಾಗುವುದು ಅದು ನೆಟ್ಟಗಾದ ಮೇಲೆ. ದುರ್ಗದಬೈಲಿನಲ್ಲಿ ಒಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕುಳಿತು ಹಳೆಯ ರೀಲಿನ ಕ್ಯಾಮೆರಾ ದುರಸ್ತಿ ಮಾಡುವ ನನಗೆ ಇದು ಹೊಸದೇನಲ್ಲ, ಆಗುತ್ತಲೇ ಇರುತ್ತದೆ.

ನನ್ನ ಬಳಿ ಬರುವವು ಹೆಚ್ಚಾಗಿ ರೇಂಜ್‌ಫೈಂಡರ್ ಎಂಬ ಜಾತಿಯವು. ಅವುಗಳಲ್ಲಿ ನೋಡುವ ಕಿಟಕಿ ಬೇರೆ, ಚಿತ್ರ ತೆಗೆಯುವ ಲೆನ್ಸ್ ಬೇರೆ. ಕಿಟಕಿಗೆ ಕಣ್ಣಿಟ್ಟರೆ ಎದುರಿನ ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸ್ ತಿರುಗಿಸಿದಂತೆ ಇಬ್ಬರೂ ಸರಿದು ಒಬ್ಬನಾಗುತ್ತಾರೆ. ಆಗ ಫೋಕಸ್ ಸರಿಯಾಯಿತೆಂದು ಅರ್ಥ. ಒಂದಾಗಲು ಒಪ್ಪದಿದ್ದರೆ ನನ್ನ ಬಳಿ ತರುತ್ತಾರೆ. ಅದೇ ಅಣ್ಣತಮ್ಮಂದಿರಾದರೆ ವಕೀಲರ ಬಳಿ ಒಯ್ಯುತ್ತಾರೆ.

ಅಂಗಡಿಯ ಮಾಲಕರು ಹತ್ತಿ ವ್ಯಾಪಾರದ ಮನೆತನದವರು. ನನ್ನನ್ನು ಎಬ್ಬಿಸಿ ಈ ಗೂಡನ್ನು ಮೊಬೈಲ್ ಕವರ್ ಮಾರುವವನಿಗೆ ಕೊಡಬೇಕೆಂಬುದು ಅವರ ಬಹಳ ದಿನದ ಆಸೆ. ಅಡ್ಡ ನಿಂತವರು ಅವರ ತಾಯಿ. ತೀರಿಹೋದ ಯಜಮಾನರ ಕೆಟ್ಟುಹೋದ ಹಳೆಯ ಕ್ಯಾಮೆರಾ ಒಂದು ಅವರ ಕಮರಿಪೇಟೆಯ ಮನೆಯಲ್ಲಿದೆ. "ನಿಮ್ಮಪ್ಪನ ಕ್ಯಾಮೆರಾ ನೆಟ್ಟಗಾಗೋತನಕ ಅವರನ್ನ ಎಬ್ಬಸಬ್ಯಾಡ," ಎಂದು ಮಗನಿಗೆ ಹೇಳಿಬಿಟ್ಟರು. ಕೆಲಸ ಸರಿಯಾಗಿ ಮಾಡಿದರೆ ಬೀದಿಗೆ ಬೀಳುವ ದುರಸ್ತಿಗಾರ ಈ ಪೇಟೆಯಲ್ಲಿ ನಾನೊಬ್ಬನೇ.

ಹಣೆ

ಆದರೂ ಸರಿ ಮಾಡಿದೆ. ಬಾಡಿಗೆದಾರನಿಗೆ ಇರಬಾರದ ಗುಣ ಅದು. ಬೀದಿಗೆ ಬೀಳುವ ಮೊದಲೇ ದಸರೆ ಬಂತು, ದಸರೆ ಮುಗಿಯುತ್ತಲೇ ಕ್ಯಾಮೆರಾ ಮರಳಿ ಬಂತು. ಎರಡನೆಯ ಬಿಂಬವೇ ಮಾಯ, ಫೋಕಸ್ ಸಿಗುತ್ತಿಲ್ಲ. ನೋಡಿದರೆ ಮುಂಭಾಗದ ಪುಟ್ಟ ಕಿಟಕಿಯ ಮೇಲೆ ವಿಭೂತಿ, ಅದರ ನಡುವೆ ಕುಂಕುಮ. ಖಂಡೇಪೂಜೆಯಲ್ಲಿ, ಅಂದರೆ ನಮ್ಮ ಕಡೆಯ ಆಯುಧಪೂಜೆಯಲ್ಲಿ ಹಚ್ಚಿದ್ದು. ಒರೆಸಿಕೊಂಡು ಮನೆಗೇ ಹೋದೆ. ಮಗನೂ ಅಲ್ಲೇ ನಿಂತು ಕೇಳುತ್ತಿದ್ದರು.

"ಅವ್ವಾರ, ಎರಡನೇ ಬಿಂಬ ಈ ಸಣ್ಣ ಕಿಟಕ್ಯಾಗಿಂದನ ಬರೂದ್ರಿ. ಇಲ್ಲಿ ಮಾತ್ರ ಹಚ್ಚಬ್ಯಾಡ್ರಿ."

"ಮತ್ತೆಲ್ಲಿ ಹಚ್ಚಬೇಕ್ರಿ?"

"ಕೆಳಗ ಎಲ್ಲೆರ ಹಚ್ಚರಿ."

"ನೀವು ಹಣಿ ಬಿಟ್ಟು ಗದ್ದಕ್ಕ ವಿಭೂತಿ ಹಚ್ಕೋತೀರೇನು?"

ಮುಂದಿನ ದಸರೆ ದಾಟಿದರೇ ನೆಟ್ಟಗಾದಂತೆ ಎಂದು ಅವ್ವಾರು ಕಳಿಸಿಬಿಟ್ಟರು. ಮರುವರ್ಷವೂ ಕ್ಯಾಮೆರಾ ಹಣೆಗೆ ಹಚ್ಚಿಕೊಂಡೇ ಬಂತು.

ಕೆಡಿಸುವ ಕೈ

ಧಾರವಾಡದಲ್ಲಿ ಪರೀಕ್ಷೆಗೆ ಕೋಚಿಂಗ್ ಪಡೆಯುವ ಹುಡುಗನೊಬ್ಬ ಆನ್‌ಲೈನಿನಲ್ಲಿ ಕೊಂಡ ಕ್ಯಾಮೆರಾ ತಂದ. ಅದರಲ್ಲಿ ಯಾರ ಫೋಟೋ ತೆಗೆದರೂ ಮುಖ ಮಸುಕು, ಹಿಂದಿನ ಗೋಡೆ ಸ್ಪಷ್ಟ. ಬೆನ್ನಿನ ಬಾಗಿಲು ತೆರೆದು, ರೀಲು ಕೂರುವ ಜಾಗದಲ್ಲಿ ಟ್ರೇಸಿಂಗ್ ಕಾಗದ ಅಂಟಿಸಿ, ಅದರ ಮೇಲೆ ಬಿದ್ದ ಬಿಂಬ ನೋಡಿ ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಕೂಡಿಸಿಕೊಟ್ಟೆ. ಹುಡುಗ ಸಿಟ್ಟಿನಿಂದ ಮರಳಿ ಬಂದ.

"ಏನ್ ಮಾಡೀರಿ ಕಾಕಾ? ನನ್ನ ಗೆಳತಿ ಮುಖದಾಗಿನ ಗುಳ್ಳಿ ಎಲ್ಲಾ ಕಾಣಾಕತ್ತಾವ. ಆಕಿ ಮಾತ ಬಿಟ್ಟಾಳ."

"ಗುಳ್ಳಿ ಇದ್ರ ಕಾಣ್ತಾವಪ್ಪಾ."

"ಮೊದಲ ಹೆಂಗಿತ್ತು ಹಂಗ ಮಾಡಿಕೊಡ್ರಿ."

"ಮೊದಲ ಕೆಟ್ಟಿತ್ತಲ್ಲೋ."

"ಆ ಕೆಟ್ಟಿದ್ದನ ಬೇಕ್ರಿ."

ಸರಿಪಡಿಸುವುದಕ್ಕಿಂತ ಮೊದಲಿನಂತೆಯೇ ಕೆಡಿಸುವುದು ಕಷ್ಟ. ಅಂತೂ ಕೆಡಿಸಿಕೊಟ್ಟೆ. ಅವನ ಗೆಳೆಯರು ಈಗ ಚೆನ್ನಾಗಿರುವ ಕ್ಯಾಮೆರಾಗಳನ್ನು ಹಿಡಿದು ಬರುತ್ತಿದ್ದಾರೆ. ಸರಿ ಮಾಡುವವನೆಂದು ಹೆಸರು ಬರಲು ಅರ್ಧ ಆಯುಷ್ಯ ಸಾಲಲಿಲ್ಲ. ಕೆಡಿಸುವವನೆಂದು ಒಂದೇ ವಾರದಲ್ಲಿ ಬಂತು.

ದೂರದ್ದು

ಬಿಂಬ ಸರಿಯಾಗಿ ಕೂಡುತ್ತದೋ ಇಲ್ಲವೋ ನೋಡಲು ಬಹಳ ದೂರದ ವಸ್ತುವೊಂದು ಬೇಕು. ನಾನು ಮಾಳಿಗೆ ಹತ್ತಿ ದೂರದ ಮೊಬೈಲ್ ಟವರಿಗೆ ಗುರಿಯಿಡುತ್ತಿದ್ದೆ. ನಡುವೆ ಒಬ್ಬ ಗೃಹಿಣಿಯ ಮಾಳಿಗೆಯಿತ್ತು, ಅದರ ಮೇಲೆ ಹಪ್ಪಳವಿತ್ತು, ಹಪ್ಪಳದ ಪಕ್ಕ ಆಕೆ ಇದ್ದರು. ಮಾಲಕರಿಗೆ ದೂರು ಹೋಯಿತು. ಅವರು ಹಬ್ಬದ ಕಳೆ ಹೊತ್ತು ನನ್ನನ್ನು ಆಕೆಯ ಮುಂದೆ ಎಳೆದುಕೊಂಡು ಹೋದರು. ಎಬ್ಬಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದುಂಟೇ?

"ಒಂದ ಕಣ್ಣು ಮುಚ್ಚಿ ನೋಡ್ತಾರ್ರಿ ಇವರು!" ಎಂದರು ಆಕೆ.

"ನಾ ದೂರದ ಟವರ್ ನೋಡ್ತೇನ್ರಿ ಅಕ್ಕಾರ. ನೀವು ನನಗ ಮಸಕ ಮಸಕ ಕಾಣ್ತೀರಿ."

ಈ ಮಾತು ಆಕೆಯನ್ನು ಇನ್ನಷ್ಟು ಕೆರಳಿಸಿತು. ಎಬ್ಬಿಸಲು ಅವ್ವಾರ ಮಾತು ಅಡ್ಡ ಬಂತು; ಕೊನೆಗೆ ನಡುವೆ ಚಾದರ ಕಟ್ಟುವುದೆಂದು ರಾಜಿಯಾಯಿತು. ಅಂದಿನಿಂದ ನನ್ನ ಮಟ್ಟಿಗೆ ಜಗತ್ತು ಆ ಹೂವಿನ ಚಾದರಕ್ಕೆ ಮುಗಿಯುತ್ತದೆ.

ಸುಮ್ಮನಿರ್ರಿ

ಈ ಸಲ ಖಂಡೇಪೂಜೆಗೆ ಮಾಲಕರೇ ಕ್ಯಾಮೆರಾ ಹಿಡಿದು ಕುಳಿತರು. ವಿಭೂತಿ ಕಿಟಕಿಯ ಬದಲು ಅದರ ಚರ್ಮದ ಚೀಲಕ್ಕೆ ಬಿತ್ತು. ಮರುದಿನ ಕ್ಯಾಮೆರಾ, ತಾಯಿ ಎರಡನ್ನೂ ಅಂಗಡಿಗೆ ತಂದರು. ತಾಯಿಯನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ಕಿಟಕಿಗೆ ಕಣ್ಣಿಟ್ಟರು.

"ನೋಡ್ರಿ, ಎರಡ ಕಾಣ್ತಿದ್ದ ಅವ್ವ ಒಂದ ಆದ್ಲು. ನೆಟ್ಟಗಾತು! ರೀಲ್ ಪೂರ್ತಿ ಹೊಡದು ಪುಣೇಕ್ಕ ಕಳಿಸಿ ತೊಳಸ್ತೇನಿ. ಫೋಟೋ ಬಂದ ದಿನ ನೀವು ಕೀಲಿ ಕೊಡ್ರಿ."

ಲೆನ್ಸಿನ ಮುಚ್ಚಳ ಹಾಗೇ ಇತ್ತು. ಕಿಟಕಿ ಬೇರೆಯಾದ್ದರಿಂದ ನೋಡುವವನಿಗೆ ಎಲ್ಲವೂ ನಿಚ್ಚಳ; ರೀಲಿಗೆ ಮಾತ್ರ ಕತ್ತಲೆ.

"ಸಾವ್ಕಾರ್ರ, ಮುಂದ ಸ್ವಲ್ಪ..."

"ನೀವು ಸುಮ್ಮನಿರ್ರಿ."

"ಅಲ್ರೀ, ಆ ಲೆನ್ಸಿಗೆ..."

"ಸುಮ್ಮನಿರ್ರಿ ಅಂದ್ನೆಲ್ಲ! ನಮ್ಮಪ್ಪನ ಕ್ಯಾಮೆರಾ ನನಗ ಕಲಸ್ತೀರೇನು?"

ಸುಮ್ಮನಾದೆ. ಅವ್ವಾರು ಸೆರಗು ಸರಿಮಾಡಿಕೊಂಡು, ಕೊನೆಯ ಚಿತ್ರದವರೆಗೂ ಲೆನ್ಸನ್ನೇ ನೋಡುತ್ತ ಕುಳಿತಿದ್ದರು.

ರೀಲು ಪುಣೆಯಿಂದ ಒಂದೂ ಚಿತ್ರವಿಲ್ಲದೆ ಬಂತು. "ಇನ್ನೂ ನೆಟ್ಟಗಾಗಿಲ್ಲ ತಗೋ," ಎಂದು ಅವ್ವಾರು ತೀರ್ಪು ಕೊಟ್ಟರು. ಅಂಗಡಿ ಉಳಿಯಿತು. ಒಂದು ಕ್ಯಾಮೆರಾ ಸಹ ಸರಿಮಾಡಲು ಬಾರದವನೆಂದು ಮಾಲಕರು ಪೇಟೆಯ ತುಂಬ ಹೇಳಿಕೊಂಡು ಬಂದದ್ದರಿಂದ ಗಿರಾಕಿಗಳು ಉಳಿಯಲಿಲ್ಲ.

ಕ್ಯಾಮೆರಾ ತರಲು ಕಮರಿಪೇಟೆಗೆ ಹೋದಾಗ ಅವ್ವಾರು ಒಬ್ಬರೇ ಇದ್ದರು. ಮನಸ್ಸು ತಡೆಯದೆ ಹೇಳಿದೆ: "ಅವ್ವಾರ, ಅವತ್ತ ಮುಚ್ಚಳ ತಗದಿರಲಿಲ್ರಿ."

"ಮುಂದ ಕುಂತಾಕಿ ನಾನು. ನನಗ ಕಾಣಂಗಿಲ್ಲೇನು?"

"ಮತ್ತ ಹೇಳಬಾರದಾಗಿತ್ತೇನ್ರಿ?"

"ಮಗ ಸುಮ್ಮನಿರ್ರಿ ಅಂದನಲ್ರಿ. ನೀವು ಅವನ ಅಂಗಡ್ಯಾಗ ಇರೋರು, ನಾ ಅವನ ಮನ್ಯಾಗ ಇರಾಕಿ. ಸುಮ್ಮನಿರಬೇಕಲ್ರಿ?"