ಪಾರಾಮಾರಿಬೊದಲ್ಲಿ ಹತ್ತೂವರೆಯಿಂದ ಹನ್ನೊಂದೂವರೆ

ಗೊತ್ತಿದ್ದವರ ಮನೆಯ ಬಾಗಿಲು ತಟ್ಟುವುದಕ್ಕೂ ಧೈರ್ಯ ಬೇಕು ಎಂಬುದು ಮೂವತ್ತೆರಡನೇ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ. ದಾವಣಗೆರೆಯ ನಮ್ಮ ಓಣಿಯಲ್ಲಿ ತಟ್ಟುವುದಕ್ಕೆ ಬಾಗಿಲು ಮುಚ್ಚಿದ್ದರೆ ತಾನೇ? ಹೊರಗೆ ಚಪ್ಪಲಿ ಬಿಟ್ಟ ಸದ್ದು ಕೇಳಿದರೆ ಒಳಗೆ ಇನ್ನೊಂದು ತಟ್ಟೆ ಇಳಿಯುತ್ತಿತ್ತು. ಈ ಅಭ್ಯಾಸಬಲದಿಂದಲೇ ನಾನು ಹಾಲೆಂಡಿನ ಹೂಫ್‌ಡಾರ್ಪಿಗೆ ಬಂದ ಮೊದಲ ರಂಜಾನ್ ಹಬ್ಬದ ದಿನ, ಎದುರು ಮನೆಯ ಡಚ್ ಮಹಾಶಯರಿಗೆಂದು ಒಂದು ಬೋಗುಣಿ ಬಿರಿಯಾನಿ ಹಿಡಿದು ಸಂಜೆ ಆರಕ್ಕೆ ಸರಿಯಾಗಿ ಅವರ ಕರೆಗಂಟೆ ಒತ್ತಿದೆ. ಸಂಜೆ ಆರಕ್ಕೆ ಈ ದೇಶಕ್ಕೆ ದೇಶವೇ ಊಟಕ್ಕೆ ಕೂತಿರುತ್ತದೆ. ಅವರು ಕೈಯಲ್ಲಿ ಫೋರ್ಕ್ ಹಿಡಿದೇ ಬಂದು, ಬಹಳ ಸೌಜನ್ಯದಿಂದ, "ನಮ್ಮಿಬ್ಬರದು ಇವತ್ತು ಅಫ್‌ಸ್ಪ್ರಾಕ್ ಇತ್ತೇ?" ಎಂದು ಕೇಳಿದರು. ಅಫ್‌ಸ್ಪ್ರಾಕ್ ಎಂದರೆ ಮೊದಲೇ ಗೊತ್ತುಮಾಡಿಕೊಂಡ ಭೇಟಿ. ಇಲ್ಲಿ ಹಲ್ಲಿನ ಡಾಕ್ಟರಿಗೂ ಅದು ಬೇಕು, ಸ್ನೇಹಿತನಿಗೂ ಅದು ಬೇಕು. ಬಿರಿಯಾನಿಯನ್ನು ಅವರು ಸಂತೋಷದಿಂದಲೇ ತೆಗೆದುಕೊಂಡರು. ಬೋಗುಣಿ ವಾಪಸು ಕೊಡಲು ಎರಡು ವಾರದ ನಂತರದ ಒಂದು ಶನಿವಾರ ಗೊತ್ತಾಯಿತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನದು ಒಂಬತ್ತು ವರ್ಷವಾದರೂ ಅದೇ ಎತ್ತರ. ಫೋನಿನಲ್ಲಿ ನನ್ನ ದಿನಚರಿಗೆ ನಾಲ್ಕು ಬಣ್ಣಗಳಿವೆ. ಆಫೀಸು ನೀಲಿ, ಮಗಳ ಶಾಲೆ ಹಸಿರು, ಮನೆಗೆಲಸ ಹಳದಿ, ಮನುಷ್ಯರು ಕೆಂಪು. ಒಮ್ಮೆ ಹಾರ್ಲೆಮಿನಲ್ಲಿರುವ ನನ್ನ ಭಾವಮೈದುನ, "ಭಾವ, ಇವತ್ತು ಫ್ರೀ ಇದೀನಿ, ಬರ್ಲಾ?" ಎಂದು ಫೋನು ಮಾಡಿದ. ನಾನು ದಿನಚರಿ ತೆರೆದು ನೋಡಿ, ಮೂರನೇ ಭಾನುವಾರ ಎರಡರಿಂದ ನಾಲ್ಕು ಕೊಟ್ಟೆ. ಬಂದ. ನಾಲ್ಕಕ್ಕೆ ನಾನು ಎದ್ದು ನಿಂತೆ. ಆಮೇಲೆ ಅವನು ಬಂದಿಲ್ಲ. "ನನ್ ತಮ್ಮ ಏನ್ ಪಾಸ್‌ಪೋರ್ಟ್ ಆಫೀಸಿಗೆ ಬಂದಿದ್ನಾ?" ಎಂದು ನನ್ನ ಹೆಂಡತಿ ನಸೀಮಾ ಇವತ್ತಿಗೂ ಕೇಳುತ್ತಾಳೆ. ಇಂಥ ಮನುಷ್ಯನಿಗೆ ಖೈರುನ್ ಖಾಲಾ ಒಂದು ಕೆಲಸ ಒಪ್ಪಿಸಿದರು.

ಖೈರುನ್ ಖಾಲಾ ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಮೇಲಿರುವ, ಎಪ್ಪತ್ತು ದಾಟಿದ ಒಂಟಿ ಹೆಂಗಸು; ನೆಂಟರಲ್ಲದಿದ್ದರೂ ನಮಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಹುಟ್ಟಿದ್ದು ಸುರಿನಾಮಿನ ರಾಜಧಾನಿ ಪಾರಾಮಾರಿಬೊದಲ್ಲಿ. ದಕ್ಷಿಣ ಅಮೆರಿಕದ ನೆತ್ತಿಯ ಮೇಲಿರುವ ಆ ಪುಟ್ಟ ದೇಶವನ್ನು ಹಿಂದೆ ಡಚ್ಚರು ಆಳುತ್ತಿದ್ದರು. ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿಸಿಕೊಂಡು ಹೋದ ಹಿಂದೂಸ್ತಾನದವರ ಮರಿಮಕ್ಕಳು ಈಗಲೂ ಅಲ್ಲಿದ್ದಾರೆ. ಖಾಲಾ ಆಡುವುದು ಭೋಜಪುರಿಗೆ ಡಚ್ ಬೆರೆತ ಮಾತು. ನಮ್ಮ ಮನೆಯ ದಖನಿ ಉರ್ದುವಿಗೆ ಅದು ದೂರದ ನೆಂಟಸ್ತಿಕೆ. ಅರ್ಧ ಅವರದು, ಅರ್ಧ ನಮ್ಮದು, ಮಿಕ್ಕಿದ್ದು ಕೈಸನ್ನೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಶರತ್ಕಾಲದ ಶಾಲಾ ರಜೆಗೆ ಎಲ್ಲಿಗೆ ಹೋಗುವುದೆಂದು ನಾವು ಜಗಳವಾಡುತ್ತಿದ್ದಾಗ ಆಕೆ ಕೋಲೂರಿಕೊಂಡು ಲಿಫ್ಟಿನಲ್ಲಿ ಕೆಳಗಿಳಿದು ಬಂದು, "ನಮ್ಮೂರಿಗೆ ಹೋಗ್ರಪ್ಪ" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅಲ್ಲಿ ನಮ್ಮಕ್ಕ ಜುಬೇದಾ ಇದಾಳೆ. ಎಂಬತ್ತಾಯ್ತು. ಫೋನ್ ಮಾಡಿದಾಗೆಲ್ಲ ಎಲ್ಲ ಚೆನ್ನಾಗಿದೆ ಅಂತಾಳೆ. ಎಂಬತ್ತು ವರ್ಷದವಳಿಗೆ ಎಲ್ಲ ಹೆಂಗಪ್ಪ ಚೆನ್ನಾಗಿರುತ್ತೆ? ಉಣ್ತಾಳಾ, ನಡೀತಾಳಾ, ನೀನು ಕಣ್ಣಾರೆ ನೋಡ್ಕೊಂಡು ಬಂದು ನನಗೆ ನಿಜ ಹೇಳು. ಈ ಮೊಣಕಾಲು ಇಟ್ಕೊಂಡು ನಾನಿನ್ನು ವಿಮಾನ ಹತ್ತೋಳಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ತಕ್ಷಣ ಫೋನು ತೆಗೆದು ಕೆಂಪು ಬಣ್ಣದಲ್ಲಿ "ಜುಬೇದಾ ಖಾಲಾ, ಒಂದು ಗಂಟೆ" ಎಂದು ಬರೆದುಕೊಂಡೆ.

ಪಾರಾಮಾರಿಬೊ! ಆ ಊರನ್ನು ನೆನೆದರೆ ಈಗಲೂ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಜಾಕೆಟ್ಟು ಹಾಕಿಕೊಂಡು ವಿಮಾನ ಹತ್ತಿದವರು ಸುಮಾರು ಒಂಬತ್ತು ಗಂಟೆಯ ನಂತರ ಇಳಿದರೆ, ದಾವಣಗೆರೆಯ ಏಪ್ರಿಲ್ಲೇ ಎದುರು ಬಂದು ಅಪ್ಪಿಕೊಂಡಿತು. ರಸ್ತೆಯಲ್ಲಿ ಗಾಡಿಗಳು ನಮ್ಮೂರಿನ ಹಾಗೆ ಎಡಗಡೆಯಲ್ಲಿ ಓಡುತ್ತಿದ್ದವು! ಹೂಫ್‌ಡಾರ್ಪಿನಲ್ಲಿ ಇವತ್ತಿಗೂ ರಸ್ತೆ ದಾಟುವಾಗ ಮೊದಲು ತಪ್ಪು ದಿಕ್ಕಿಗೆ ನೋಡಿ ಮಗಳಿಂದ ಬೈಸಿಕೊಳ್ಳುವ ನಾನು, ಅಲ್ಲಿ ಹನ್ನೊಂದು ವರ್ಷದ ಅಲಿಯಾಳ ಕೈ ಹಿಡಿದು ಗತ್ತಿನಿಂದ ದಾಟಿಸಿದೆ. ಬೀದಿಗಳಿಗೆ ಡಚ್ ಹೆಸರು, ಅಂಗಡಿಯೊಳಗೆ ನಮ್ಮ ಮುಖ. ನದಿಯ ದಂಡೆಯುದ್ದಕ್ಕೂ ಮರದ ಬಿಳಿ ಮನೆಗಳು; ನದಿಯೋ, ಸ್ಟ್ರಾಂಗ್ ಟೀ ಬಣ್ಣದ್ದು. ಒಂದು ಬೀದಿಯಲ್ಲಿ ಮಸೀದಿ, ಅದರ ಪಕ್ಕಕ್ಕೇ ಯಹೂದಿಗಳ ಪ್ರಾರ್ಥನಾ ಮಂದಿರ, ನಡುವೆ ಒಂದು ಬೇಲಿ ಅಷ್ಟೆ. ನಸೀಮಾ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ಹಿಂದೆ ಹಿಂದೆ ಸರಿದು ತೆಂಗಿನಕಾಯಿ ಮಾರುವವನ ಗಾಡಿಗೆ ಡಿಕ್ಕಿ ಹೊಡೆದಳು. ಅವನು ನಗುತ್ತಾ ಒಂದು ಎಳನೀರು ಕೆತ್ತಿಕೊಟ್ಟ.

ಭಾನುವಾರ ಬೆಳಗ್ಗೆ ದೊಡ್ಡ ಮೈದಾನದಲ್ಲಿ ಗಂಡಸರೆಲ್ಲ ಹಕ್ಕಿಯ ಪಂಜರಗಳನ್ನು ಸಾಲಾಗಿ ಕಂಬಕ್ಕೆ ನೇತುಹಾಕಿ ಉಸಿರು ಬಿಗಿಹಿಡಿದು ನಿಂತಿದ್ದರು. ಯಾವ ಹಕ್ಕಿ ಹೆಚ್ಚು ಸಲ ಕೂಗುತ್ತದೋ ಅದು ಗೆದ್ದಂತೆ. ನನಗೆ ಅಲ್ಲೇ ಸೀನು ಬಂತು. ಇಪ್ಪತ್ತು ಜನ ತಿರುಗಿ ನೋಡಿದರು. ಒಂದು ಹಕ್ಕಿ ಹೆದರಿ ಸುಮ್ಮನಾಯಿತು. ಅಲಿಯಾ ನನ್ನ ಗುರುತೇ ಇಲ್ಲದವಳ ಹಾಗೆ ನಾಲ್ಕು ಹೆಜ್ಜೆ ದೂರ ಹೋಗಿ ನಿಂತಳು. ಮಾರುಕಟ್ಟೆಯಲ್ಲಿ 'ಬಾರಾ' ಎಂದು ಕೊಟ್ಟದ್ದನ್ನು ಕಚ್ಚಿ ನೋಡಿದರೆ ಸಾಕ್ಷಾತ್ ಉದ್ದಿನ ವಡೆ! ಬೇಳೆ ತುಂಬಿದ ಅವರ ರೊಟ್ಟಿ, ಬೆಲ್ಲ ಹಾಕಲು ಮರೆತ ಹೋಳಿಗೆ. ನಾನು ಆರು ವಡೆ ತಿಂದೆ. ಏಳನೆಯದಕ್ಕೆ ನಸೀಮಾ ಕೈ ಅಡ್ಡ ಹಿಡಿದಳು.

ಒಂದೇ ಒಂದು ವಿಷಯ ನನಗೆ ಸರಿಹೋಗಲಿಲ್ಲ. ಮಿನಿಬಸ್ಸಿನ ಚಾಲಕನಿಗೆ "ಎಷ್ಟು ಗಂಟೆಗೆ ಬಿಡ್ತೀರಿ?" ಎಂದು ಕೇಳಿದೆ. "ತುಂಬಿದಾಗ" ಎಂದ. ದಾವಣಗೆರೆ-ಹರಿಹರ ಟೆಂಪೋಗಳಲ್ಲಿ ಜೀವಮಾನದ ಅರ್ಧ ಕಳೆದ ನಾನು ಈ ಉತ್ತರಕ್ಕೆ ಗಡಿಯಾರ ನೋಡಿಕೊಂಡು ಸಿಡಿಮಿಡಿಗೊಂಡೆ. ಜುಬೇದಾ ಖಾಲಾರದೂ ಅದೇ ಕತೆ. ಇಳಿದ ಶನಿವಾರವೇ ಫೋನು ಮಾಡಿ, "ಯಾವತ್ತು, ಎಷ್ಟು ಗಂಟೆಗೆ ಬರಲಿ?" ಎಂದು ಕೇಳಿದ್ದೆ. "ಯಾವಾಗ ಬೇಕಾದ್ರೂ ಬಾ ಬೇಟಾ" ಎಂದರು. ಯಾವಾಗ ಬೇಕಾದರೂ ಎನ್ನುವುದನ್ನು ದಿನಚರಿಯಲ್ಲಿ ಎಲ್ಲಿ ಬರೆಯುವುದು? ಭಾನುವಾರ ಮತ್ತೆ ಮಾಡಿದೆ. ಅದೇ ಉತ್ತರ. ಸೋಮವಾರ, ಮಂಗಳವಾರ ಮೆಸೇಜು ಹಾಕಿದೆ. ಒಂದು ಗುಲಾಬಿ ಹೂವಿನ ಚಿತ್ರ ಬಂತು. "ನೀವೇನು ಡೆಂಟಿಸ್ಟಾ? ಸ್ಲಾಟ್ ಸ್ಲಾಟ್ ಅಂತೀರಲ್ರೀ. ಸುಮ್ನೆ ನಡೀರಿ, ಹೋಗೋಣ" ಎಂದಳು ನಸೀಮಾ. "ಹಿರಿಯರ ಮನೆಗೆ ಹಾಗೆ ನುಗ್ಗೋಕಾಗುತ್ತೇನೇ?" ಎಂದು ನಾನು ಸಭ್ಯತೆಯ ಪಾಠ ಹೇಳಿ, ಕೊನೆಗೆ ನಾನೇ ಬುಧವಾರ ಹತ್ತೂವರೆಯಿಂದ ಹನ್ನೊಂದೂವರೆ ಎಂದು ನಿಶ್ಚಯಿಸಿ ತಿಳಿಸಿದೆ.

ಬುಧವಾರ ಹತ್ತೂವರೆಗೆ ಸರಿಯಾಗಿ, ಊರ ಹೊರಗಿನ ಕಾಲುವೆಯ ಪಕ್ಕ, ಗಿಡ್ಡ ಕಂಬಗಳ ಮೇಲೆ ನಿಂತ ಮರದ ಮನೆಯ ಮುಂದೆ ಇಳಿದೆವು. ಬಾಗಿಲು ತೆರೆದೇ ಇತ್ತು. ಎಂಬತ್ತರ ಜುಬೇದಾ ಖಾಲಾ ಅಂಗಳದಲ್ಲಿ ದೋಟಿ ಹಿಡಿದು ಮಾವಿನಕಾಯಿ ಕೆಡವುತ್ತಿದ್ದರು. ಖೈರುನ್ ಖಾಲಾರ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬಂದೆಯಾ? ಭಾನುವಾರದ ಕೋಳಿ ಪಕ್ಕದ ಮನೆಯವರು ತಿಂದ್ರು. ಸೋಮವಾರದ ಬಾತುಕೋಳಿ ನನ್ನ ತಮ್ಮನ ಮಗನ ಪಾಲಾಯ್ತು. ನಿನ್ನೆಯ ಪಾಯಸ ಇರುವೆಗೆ. ಇವತ್ತು ಬರೀ ರೊಟ್ಟಿ, ಆಲೂಗಡ್ಡೆ" ಎಂದರು. ಯಾವಾಗ ಬೇಕಾದರೂ ಬಾ ಎಂದರೆ ಈಗಲೇ ಬಾ, ಒಲೆ ಹಚ್ಚಿದ್ದೇನೆ ಎಂದರ್ಥ. ಇದು ನಮ್ಮ ಓಣಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ಮೂರು ದಿನ ಆ ಮುದುಕಿ ಅಡುಗೆ ಮಾಡಿಕೊಂಡು ದಾರಿ ನೋಡಿದ್ದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನಸೀಮಾ ನನ್ನತ್ತ ನೋಡಿದ ನೋಟವನ್ನು ಬರೆಯುವ ಶಕ್ತಿ ನನ್ನ ಲೇಖನಿಗಿಲ್ಲ. "ಪರವಾಗಿಲ್ಲ ಬಿಡು ತಾಯಿ, ನಿನ್ನ ಗಂಡ ಅಪ್ಪಟ ಹಾಲೆಂಡಿನವನು" ಎಂದು ಜುಬೇದಾ ಖಾಲಾ ಅವಳಿಗೆ ಸಮಾಧಾನ ಹೇಳಿದರು. ಒಂಬತ್ತು ವರ್ಷದಿಂದ ಹಾಲೆಂಡಿನವರು ಯಾರೂ ನನಗೆ ಕೊಡದ ಬಿರುದು ಅದು.

ಬಡಿಸಿಯೇ ಬಡಿಸಿದರು. ನಾನು ಮೂರನೇ ರೊಟ್ಟಿಯಲ್ಲಿದ್ದಾಗ ಹನ್ನೊಂದೂವರೆಯ ಅಲಾರಂ ಹೊಡೆದುಕೊಂಡಿತು. ಅಲಿಯಾ ನನ್ನ ಜೇಬಿಗೇ ಕೈ ಹಾಕಿ ಅದರ ಬಾಯಿ ಮುಚ್ಚಿಸಿದಳು. ಆಮೇಲೆ ಜುಬೇದಾ ಖಾಲಾ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ನಿಜ ಹೇಳು ಬೇಟಾ. ನನ್ನ ತಂಗಿ ಹೇಗಿದಾಳೆ? ದಿನಾ ಫೋನಿನಲ್ಲಿ ಇವತ್ತು ಮೀನು ಮಾಡಿದೆ, ಇವತ್ತು ಪಲಾವು ಮಾಡಿದೆ ಅಂತಾಳೆ. ನಿಜವಾಗ್ಲೂ ಮಾಡ್ತಾಳಾ? ನೀನು ಅದೇ ಕಟ್ಟಡದಲ್ಲಿರೋನು. ನಿನಗೆ ಗೊತ್ತಿರುತ್ತೆ."

ನನಗೆ ಗೊತ್ತಿರಲಿಲ್ಲ. ಈ ಕಟ್ಟಡಕ್ಕೆ ಬಂದ ಆರು ವರ್ಷದಲ್ಲಿ ನಾನು ಆಕೆಯ ಮನೆಯೊಳಗೆ ಹೋಗಿದ್ದು ನಾಲ್ಕು ಸಲ. ನಾಲ್ಕು ಸಲವೂ ಮೊದಲೇ ತಿಳಿಸಿ. ಪ್ರತಿ ಸಲವೂ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ, ಅದರ ಮೇಲೆ ಸಮೋಸ. ಹೇಳದೆ ಹೋದ ದಿನ ಆ ಮೇಜಿನ ಮೇಲೆ ಏನಿರುತ್ತದೆ? ಭೂಮಿಯ ಆಚೆ ಬದಿಯ ಅಕ್ಕ ಹೇಗಿದ್ದಾಳೆಂದು ನೋಡಲು ನನ್ನನ್ನು ಕಳಿಸಿದವರು ಹೇಗಿದ್ದಾರೆಂದು, ಎರಡು ಮಹಡಿ ಕೆಳಗಿರುವ ನಾನು ನೋಡಿರಲಿಲ್ಲ. "ಹೋದ ಕೂಡ್ಲೇ ನೋಡಿ ಹೇಳ್ತೀನಿ ಖಾಲಾ" ಎಂದೆ. ತಲೆ ಎತ್ತಲಾಗಲಿಲ್ಲ.

ಸ್ಖಿಪೋಲಿನಿಂದ ಮನೆಗೆ ಬಂದವನೇ ಸೂಟ್‌ಕೇಸನ್ನು ಲಿಫ್ಟಿನೊಳಗೇ ಬಿಟ್ಟುಕೊಂಡು ನೇರ ಮೇಲಕ್ಕೆ ಹೋದೆ. ಗಂಟೆ ಒತ್ತುವ ಮೊದಲು ಕೈ ಎರಡು ಸಲ ಹಿಂದೆ ಸರಿಯಿತೆಂದು ಒಪ್ಪಿಕೊಳ್ಳುತ್ತೇನೆ. ಖೈರುನ್ ಖಾಲಾ ಗೋಡೆ ಹಿಡಿದು ಬಂದು ಬಾಗಿಲು ತೆರೆದರು. ಅಡುಗೆಮನೆಯ ಒಲೆಯ ಮೇಲೆ ಹಳೆಯ ಪತ್ರಿಕೆಗಳ ರಾಶಿ. ಮೇಜಿನ ಮೇಲೆ ಬ್ರೆಡ್ಡು, ಒಂದು ತುಂಡು ಚೀಸು. ಒಲೆಯ ಮುಂದೆ ಹತ್ತು ನಿಮಿಷವೂ ನಿಲ್ಲಲಾರರಂತೆ. "ಅಕ್ಕನಿಗೆ ಹೇಳ್ಬೇಡ" ಎಂದರು. "ಹೇಳ್ತೀನಿ. ಆದ್ರೆ ಅದಕ್ಕೆ ಮುಂಚೆ ನಸೀಮಾಗೆ ಹೇಳ್ತೀನಿ" ಎಂದೆ. ಅಂದಿನಿಂದ ನಮ್ಮ ಮನೆಯ ಸಾರು ದಿನವೂ ಲಿಫ್ಟಿನಲ್ಲಿ ಮೇಲಕ್ಕೆ ಹೋಗುತ್ತಿದೆ. ಜುಬೇದಾ ಖಾಲಾ ಫೋನಿನಲ್ಲಿ ತಂಗಿಗೆ ಚೆನ್ನಾಗಿ ಬೈದರಂತೆ.

ನಾನು ಬದಲಾದೆ ಎಂದು ನನಗೆ ಬಹಳ ಹೆಮ್ಮೆಯಾಯಿತು. ಆ ಹೆಮ್ಮೆ ಒಂದು ವಾರ ಇತ್ತು. ಮೊನ್ನೆ ಅಲಿಯಾ ಆಟವಾಡಲೆಂದು ನನ್ನ ಫೋನು ತೆಗೆದುಕೊಂಡವಳು ಬಿದ್ದು ಬಿದ್ದು ನಗುತ್ತಾ ಅದನ್ನು ಅವಳಮ್ಮನಿಗೆ ತೋರಿಸಿದಳು. ನಸೀಮಾ ಜೋರಾಗಿ ಓದಿದಳು. ಕೆಂಪು ಬಣ್ಣದಲ್ಲಿ, ಪ್ರತಿ ಭಾನುವಾರಕ್ಕೂ, ಹದಿನೈದು ನಿಮಿಷ ಮೊದಲು ಎಚ್ಚರಿಸುವ ಗಂಟೆಯ ಸಮೇತ ನಾನು ಹೀಗೆ ಬರೆದುಕೊಂಡಿದ್ದೆ: "ನಾಲ್ಕರಿಂದ ಐದು. ಖೈರುನ್ ಖಾಲಾರ ಮನೆಗೆ ಹೇಳದೆ ಕೇಳದೆ ಹೋಗುವುದು."