ದಾರಿಯಲ್ಲಿ ಕುಗ್ಗಿದ ಕುರ್ಚಿ

ಇನ್ನು ಮುಂದೆ ಈ ಮನೆಗೆ ಬರುವ ಪ್ರತಿಯೊಂದು ಸಾಮಾನೂ, ಗುಂಡುಸೂಜಿಯಿಂದ ಹಿಡಿದು ಬೀರುವಿನವರೆಗೆ, ನನ್ನ ಬಲಗೈ ಹೆಬ್ಬೆರಳಿನ ಅಪ್ಪಣೆ ಪಡೆದೇ ಬರತಕ್ಕದ್ದು ಎಂದು ಒಂದು ಸೋಮವಾರ ಬೆಳಿಗ್ಗೆ ನಾನು ಘೋಷಿಸಿದೆ. ಮಾಲ್‌ಗೆ ಹೋಗುವುದು, ಗಾಡಿ ನಿಲ್ಲಿಸಲು ನೆಲಮಾಳಿಗೆಯಲ್ಲಿ ಗಾಣದೆತ್ತಿನಂತೆ ಸುತ್ತುವುದು, ಬರುವಾಗ ಆ ಗಾಡಿಯನ್ನು ಎಲ್ಲಿ ನಿಲ್ಲಿಸಿದ್ದೆವೆಂದು ಹುಡುಕುತ್ತ ಮತ್ತೆ ಸುತ್ತುವುದು, ಈ ಪ್ರದಕ್ಷಿಣೆಯೆಲ್ಲ ಸಾಕು! ಫೋನು ಒತ್ತಿದರೆ ಲೋಕವೇ ಬಂದು ಬಾಗಿಲು ತಟ್ಟುವ ಕಾಲದಲ್ಲಿ ಲೋಕದ ಹಿಂದೆ ಅಲೆಯುವವನು ಮೂರ್ಖ!

ಘೋಷಣೆಯ ಹೊತ್ತಿನಲ್ಲಿ ಹಲ್ಲುಜ್ಜುವ ಬ್ರಷ್ ಬಾಯಲ್ಲೇ ಇದ್ದುದರಿಂದ ಹೆಂಡತಿಗೆ ಅರ್ಧ ಮಾತ್ರ ಕೇಳಿಸಿತು. ಅವಳಿಗೆ ಅರ್ಧವೇ ಸಾಕಾಯಿತು.

"ಮೊದ್ಲು ಉಗುಳಿ ಬನ್ನಿ. ಆಮೇಲೆ ಹೇಳಿ, ಅಮ್ಮನ ಕುರ್ಚೀನೂ ಹೆಬ್ಬೆರಳಲ್ಲೇ ತರಿಸ್ತೀರಾ?"

ಇಲ್ಲಿ ಅಮ್ಮನ, ಅಂದರೆ ನನ್ನ ಅತ್ತೆಯವರ, ವಿಚಾರ ಸ್ವಲ್ಪ ಹೇಳಬೇಕು. ಅವರು ಮೂವತ್ತೆಂಟು ವರ್ಷ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವರು. ಸಾವಿರಾರು ಮಕ್ಕಳನ್ನು ಒಂದು ಸೀಟಿಗೆ ಎಬ್ಬಿಸಿ ಒಂದು ಸೀಟಿಗೆ ಕೂರಿಸಿದ್ದರು. ಹೋದ ತಿಂಗಳು ಅವರ ಮೊಣಕಾಲಿಗೆ ಆಪರೇಷನ್ ಆಗಿತ್ತು. ಮೂರು ತಿಂಗಳು ನಮ್ಮ ಮನೆಯಲ್ಲಿರಲಿ ಎಂದು ಹೆಂಡತಿ ಕಾಡಿ ಬೇಡಿ ಒಪ್ಪಿಸಿದ್ದಳು. ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ನೋಡು ಮಗಳೇ, ನಾನಾಗೇ ಕೂರ್ತೀನಿ, ನಾನಾಗೇ ಏಳ್ತೀನಿ. ಯಾರಾದ್ರೂ ಕಂಕುಳಿಗೆ ಕೈ ಹಾಕಿ ಎಬ್ಬಿಸೋ ಪರಿಸ್ಥಿತಿ ಬಂತು ಅಂದ್ರೆ ಅವತ್ತೇ ಸಂಜೆ ಗಾಡಿ ಹತ್ತಿ ವಾಪಸ್."

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಕೂಡ ಸ್ಪಷ್ಟವಾಗಿ ಹೇಳಿದ್ದರು: ಕೂರುವ ಜಾಗ ನೆಲದಿಂದ ಇಪ್ಪತ್ತು ಇಂಚಿಗೆ ಕಡಿಮೆ ಇರಕೂಡದು. ನಮ್ಮ ಮನೆಯ ಸೋಫಾ ಹನ್ನೆರಡು ಇಂಚು. ಅದರಲ್ಲಿ ಕೂತ ಆರೋಗ್ಯವಂತರೇ ಏಳುವಾಗ ದೇವರನ್ನು ಕರೆಯುತ್ತಾರೆ. ಹಾಗಾಗಿ ಭಾನುವಾರ ಅತ್ತೆ ಬರುವುದರೊಳಗೆ ಇಪ್ಪತ್ತು ಇಂಚಿನ ಒಂದು ಕುರ್ಚಿ ಬೇಕಿತ್ತು. ಅವರು ಮೂರು ತಿಂಗಳು ಇರುವುದೂ ಮೂರೇ ಗಂಟೆಯಲ್ಲಿ ಹೊರಡುವುದೂ ಆ ಕುರ್ಚಿಯ ಮೇಲೆ ನಿಂತಿತ್ತು!

"ಅಳತೆ ತಾನೇ?" ನಾನು ನಕ್ಕೆ. "ಅಳತೆಯ ವಿಚಾರ ನನ್ನ ಹತ್ರ ಮಾತಾಡ್ತೀಯಲ್ಲೇ!"

ಈ ನಗುವಿಗೆ ಕಾರಣವಿದೆ. ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಇಪ್ಪತ್ತೇಳು ವರ್ಷಗಳಿಂದ ಅಂಗಡಿ ಅಂಗಡಿಗೆ ನುಗ್ಗಿ, ತಕ್ಕಡಿಯ ತಟ್ಟೆ ಮಗುಚಿ, ಅದರ ಕೆಳಗೆ ಅಂಟಿಸಿದ ಅಯಸ್ಕಾಂತ, ಮೇಣದ ಉಂಡೆ, ಒಮ್ಮೆ ಒಂದು ಹಳೆಯ ಬೀಗದ ಕೈಯನ್ನೂ ಹೊರಗೆಳೆದವನು. ನಾನು ಬೀದಿಗೆ ಕಾಲಿಟ್ಟರೆ ತಕ್ಕಡಿಗಳು ತಮ್ಮಷ್ಟಕ್ಕೇ ಸರಿಯಾಗಿ ತೂಗುತ್ತವೆ ಎಂಬ ಪ್ರತೀತಿ ಇದೆ. ಪ್ರತೀತಿ ಹಬ್ಬಿಸಿದವನು ನಾನೇ, ಅದಿರಲಿ.

"ಕುರ್ಚಿ ಅಂದ್ರೆ ಕೂತು ನೋಡಿ ತರೋದು ಕಣ್ರೀ, ಫೋಟೋದ ಮೇಲೆ ಕೂರಕ್ಕಾಗುತ್ತಾ?" ಎಂದು ಹೆಂಡತಿ ಮಂಗಳವಾರ ಸಂಜೆ ನನ್ನನ್ನು ಮಾಲ್‌ಗೆ ಎಳೆದುಕೊಂಡೇ ಹೋದಳು.

ಮೂರನೇ ಮಹಡಿಯ ಪೀಠೋಪಕರಣದ ಅಂಗಡಿ. ಅಲ್ಲಿದ್ದವನು ನನ್ನದೇ ವಯಸ್ಸಿನ, ಉದ್ದನೆಯ ಮನುಷ್ಯ. ಕೊರಳಲ್ಲಿ ಹಾರದಂತೆ ಹಳದಿ ಟೇಪು. ಅಲ್ಲೇ ನಾನು ಅವನಿಗೆ ಟೇಪಣ್ಣ ಎಂದು ಹೆಸರಿಟ್ಟೆ. ಸುಮ್ಮನೆ ಬಂದವನು ನಾನು; ಆದರೆ ಅಷ್ಟೊಂದು ಕುರ್ಚಿಗಳನ್ನು ಒಟ್ಟಿಗೆ ಕಂಡಾಗ ಒಳಗಿನ ಕುತೂಹಲ ಕೆರಳಿತು. ಒಂದರಲ್ಲಿ ಕೂತೆ. ಇನ್ನೊಂದರಲ್ಲಿ ಹೇಗಿರಬಹುದು? ಕೂತೆ. ಚರ್ಮದ್ದು, ಬಟ್ಟೆಯದ್ದು, ತಿರುಗುವುದು, ತೂಗುವುದು, ಗುಂಡಿ ಒತ್ತಿದರೆ ಕಾಲನ್ನು ಆಕಾಶಕ್ಕೆ ಎತ್ತುವುದು! ಹದಿನೇಳು ಕುರ್ಚಿಗಳ ಯೋಗ್ಯತೆಯನ್ನು ನಾನು ಬೆನ್ನಿನಿಂದ ಪರೀಕ್ಷಿಸಿದೆ. ಟೇಪಣ್ಣ ಪ್ರತಿ ಕುರ್ಚಿಯ ಮುಂದೆಯೂ ಮಂಡಿಯೂರಿ ವಿವರಿಸಿದ. ನಡುವೆ ಕುಡಿಯಲು ನೀರು ತಂದುಕೊಟ್ಟ.

ಹದಿನೆಂಟನೆಯದೇ ಆ ಹಸಿರು ಕುರ್ಚಿ. ಅಂಗಡಿಯ ನಡುಮಧ್ಯೆ ರಾಜಗಾಂಭೀರ್ಯದಿಂದ ಕುಳಿತಿತ್ತು. ಗಟ್ಟಿ ಕೈಗಳು, ನೆಟ್ಟಗಿನ ಬೆನ್ನು. ನಾನು ಜೇಬಿನಿಂದ ಇಲಾಖೆಯ ಮುದ್ರೆಯುಳ್ಳ ಸ್ವಂತ ಟೇಪು ತೆಗೆದು ಕುರ್ಚಿಯ ಹಿಂದೆ ಹೋದೆ. ನೆಲಕ್ಕೆ ಒಂದು ತುದಿ, ಕೂರುವ ಜಾಗಕ್ಕೆ ಇನ್ನೊಂದು ತುದಿ. ಇಪ್ಪತ್ತು! ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ!

"ಸಾರ್, ಒಂದ್ನಿಮಿಷ, ಅದರ ಕೆಳಗಡೆ..." ಟೇಪಣ್ಣ ಬಾಯಿ ತೆರೆದ.

"ನನಗೆ ಅಳತೆ ಹೇಳ್ಕೊಡ್ತೀಯೇನಪ್ಪಾ?" ನಾನು ಗುರುತಿನ ಚೀಟಿ ತೋರಿಸಿದೆ. ಅವನು ಬಾಯಿ ಮುಚ್ಚಿಕೊಂಡ.

"ಒಳ್ಳೇದಾಯ್ತು, ಇದನ್ನೇ ತಗೊಳ್ಳೋಣ," ಎಂದಳು ಹೆಂಡತಿ. "ನಾಳೆ ಮಧ್ಯಾಹ್ನ ಮನೆಗೆ ತಂದು ಜೋಡಿಸಿ ಕೊಡ್ತೀವಿ ಅಮ್ಮ," ಎಂದ ಟೇಪಣ್ಣ ಬಿಲ್ಲಿನ ಪುಸ್ತಕ ತರಲು ಹೋದ.

ಆದರೆ ನನ್ನ ಸೋಮವಾರದ ಘೋಷಣೆಯ ಗತಿ? ಮಂಗಳವಾರವೇ ಮುರಿದರೆ ಮರ್ಯಾದೆ ಉಳಿಯುತ್ತದೆಯೇ? ಇದೇ ಕುರ್ಚಿ ಫೋನಿನಲ್ಲಿ ಇರಬಹುದೇ ಎಂಬ ಕುತೂಹಲ ಬೇರೆ. ಅದರದ್ದೇ ಫೋಟೋ ತೆಗೆದು, ಅದೇ ಕುರ್ಚಿಯಲ್ಲಿ ಕೂತು ಹುಡುಕಿದೆ. ಇತ್ತು! ಅದೇ ಹಸಿರು, ಅದೇ ಕಂಪನಿ, ಶುಕ್ರವಾರ ಮನೆಗೆ! ಕೆಳಗೆ ಇರುವೆ ಸಾಲಿನಂತೆ ಏನೇನೋ ವಿವರ ಬರೆದಿದ್ದರು. ನಾನೇ ಕೈಯಾರೆ ಅಳೆದ ಮೇಲೆ ಅವರು ಬರೆದದ್ದನ್ನು ಓದುವ ದರ್ದೇನು? ಹೆಬ್ಬೆರಳು ಅಪ್ಪಣೆ ಕೊಟ್ಟಿತು.

"ಆಮೇಲೆ ಬರ್ತೀವಿ," ಎಂದು ಟೇಪಣ್ಣನಿಗೆ ಕೈಬೀಸಿ ಹೊರಬಿದ್ದೆ. ವಿಷಯ ತಿಳಿದ ಹೆಂಡತಿ ಎಸ್ಕಲೇಟರ್ ಮೇಲೆಯೇ ನಿಂತುಬಿಟ್ಟಳು. ಪುಣ್ಯಕ್ಕೆ ಅದು ತಾನಾಗಿ ಇಳಿಸಿತು.

"ಎರಡು ಗಂಟೆ ಆತನ್ನ ಮಂಡಿಯೂರಿಸಿ, ಆತ ತಂದ ನೀರು ಕುಡಿದು, ಆತನ ಕುರ್ಚೀಲೇ ಕೂತು ಬೇರೆ ಕಡೆ ಆರ್ಡರ್ ಮಾಡಿದ್ರಾ? ನಿಮ್ಮ ತಕ್ಕಡೀಲಿ ಇದಕ್ಕೆ ಎಷ್ಟು ತೂಕ ಬರುತ್ತೆ ಸ್ವಲ್ಪ ಹೇಳಿ!"

ನಾನು ಗಾಡಿ ಹುಡುಕುವುದರಲ್ಲಿ ಮಗ್ನನಾದೆ.

ಶುಕ್ರವಾರ ಕುರ್ಚಿ ಬಂತು. ಕುರ್ಚಿ ಎನ್ನುವುದಕ್ಕಿಂತ, ಮುಂದೊಂದು ದಿನ ಕುರ್ಚಿ ಆಗಬಹುದಾದ ಹಲವು ತುಂಡುಗಳು ಬಂದವು. ಜೊತೆಗೆ ಒಂದೇ ಒಂದು ಅಕ್ಷರವಿಲ್ಲದ ಚಿತ್ರಗಳ ಹಾಳೆ. ಅದರಲ್ಲೊಬ್ಬ ಬೋಳುತಲೆಯವನು ನಗುನಗುತ್ತ ಸ್ಕ್ರೂ ತಿರುಗಿಸುತ್ತಿದ್ದ. ಬೋಳುತಲೆ ನನಗೂ ಇದೆ. ಆ ನಗು ಮಾತ್ರ ಬರಲಿಲ್ಲ. ಶನಿವಾರ ಇಡೀ ದಿನ ಹೆಣಗಿ, ಒಂದು ಕೈಯನ್ನು ಹಿಂದುಮುಂದಾಗಿ ಕೂರಿಸಿ, ಮತ್ತೆ ಬಿಚ್ಚಿ, ಕೊನೆಗೂ ನಿಲ್ಲಿಸಿದೆ. ಮೂರು ಸ್ಕ್ರೂ ಮಿಕ್ಕವು. "ಉದಾರಿಗಳು, ಜಾಸ್ತಿ ಕಳಿಸಿದಾರೆ," ಎಂದೆ.

ಹೆಂಡತಿ ತಲೆ ವಾರೆ ಮಾಡಿ ನೋಡಿದಳು. "ಏನ್ರೀ, ಅಂಗಡೀಲಿ ಇದ್ದಿದ್ದಕ್ಕಿಂತ ಗಿಡ್ಡ ಕಾಣ್ಸಲ್ವಾ?"

ನನಗೂ ಹಾಗೇ ಕಂಡಿತ್ತು. "ನಮ್ಮ ಮನೆ ಚಾವಣಿ ಎತ್ತರ ಕಣೇ. ಅದರ ಕೆಳಗೆ ಏನಿಟ್ರೂ ಗಿಡ್ಡಾನೇ ಕಾಣೋದು."

"ಒಂದ್ಸಲ ಅಳೀಬಾರ್ದಾ?"

"ನಾನು ಒಂದ್ಸಲ ಅಳೆದದ್ದನ್ನ ಇನ್ನೊಂದ್ಸಲ ಅಳೆಯೋದು ಇಲಾಖೆಗೇ ಅವಮಾನ!"

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆ ಬಂದರು. ಊರುಗೋಲು ಟಕ್ ಟಕ್ ಎನ್ನಿಸುತ್ತ ಒಳಗೆ ನಡೆದು, ಕುರ್ಚಿಯನ್ನು ಶಾಲೆಗೆ ಹೊಸದಾಗಿ ಸೇರಿದ ಹುಡುಗನನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದರು. "ಬಣ್ಣ ಚೆನ್ನಾಗಿದೆ ಅಳಿಯಂದಿರೇ," ಎಂದರು. ನನ್ನ ಎದೆ ಎರಡಿಂಚು ಉಬ್ಬಿತು. ಅವರು ತಿರುಗಿ, ಕುರ್ಚಿಯ ಕೈಗಳನ್ನು ಹಿಡಿದು, ಕೂತರು. ಇಳಿದರು. ಇನ್ನೂ ಇಳಿದರು. ನಿಲ್ಲಬೇಕಾದ ಕಡೆ ನಿಲ್ಲದೆ ಮತ್ತೂ ಇಳಿದು ದೊಪ್ಪನೆ ತಳ ಸೇರಿದರು.

ಕಾಫಿ ಮುಗಿಯಿತು. ಅತ್ತೆ ಏಳಲು ನೋಡಿದರು. "ಒಂದು, ಎರಡು, ಮೂರು!" ಏಳಲಿಲ್ಲ. ಮತ್ತೆ "ಒಂದು, ಎರಡು, ಮೂರು!" ಕುರ್ಚಿ ಬಿಡಲಿಲ್ಲ. ಹೆಂಡತಿ ಓಡಿ ಬಂದು ಕೈ ಚಾಚಿದಳು.

"ಕೈ ತೆಗಿ!" ಶಾಲೆಯ ಮೈದಾನಕ್ಕೆಲ್ಲ ಕೇಳುವ ದನಿ. ಆಮೇಲೆ, ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ಸಂಜೆ ಗಾಡಿ ಎಷ್ಟೊತ್ತಿಗೆ ಇದೆ ನೋಡು ಮಗಳೇ," ಎಂದರು.

ಹೆಂಡತಿ ನನ್ನ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಕಣ್ಣು ತುಂಬಿತ್ತು. ನಾನು ಟೇಪು ತೆಗೆದೆ. ಇಲಾಖೆಗೆ ಅವಮಾನವಾದರೆ ಆಗಲಿ ಎಂದು ಅಳೆದೆ. ಹದಿನಾರು!

ಇಪ್ಪತ್ತು ಇಂಚಿನ ಕುರ್ಚಿ ದಾರಿಯಲ್ಲಿ ನಾಲ್ಕು ಇಂಚು ಕುಗ್ಗುವುದುಂಟೇ? ಟೇಪನ್ನೇ ಗೋಡೆಗೆ ನೇತುಹಾಕಿದ್ದ ಇಲಾಖೆಯ ಸ್ಕೇಲಿಗೆ ಹಿಡಿದು ನೋಡಿದೆ, ಟೇಪು ಸರಿಯಿತ್ತು. ನೆಲ ಉಬ್ಬಿದೆಯೇ ಎಂದು ಕೆನ್ನೆ ಊರಿ ನೋಡಿದೆ, ನೆಲವೂ ಸರಿಯಿತ್ತು. ಕಂಪನಿಯವರದೇ ಮೋಸ! ನನ್ನಂಥವನಿಗೇ ಮೋಸ! ಕೋಣೆಗೆ ಹೋಗಿ ಕಂಪನಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

"ಕುರ್ಚಿ ವಾಪಸ್ ತಗೊಂಡು ಬೇರೆ ಕಳಿಸಿ," ಎಂದೆ.

"ಖಂಡಿತ ಸಾರ್. ಉತ್ಪನ್ನ ಈಗ ಎಲ್ಲಿದೆ?"

"ನಮ್ಮತ್ತೆ ಕೆಳಗಿದೆ."

"ಬಳಕೇಲಿರೋ ಉತ್ಪನ್ನ ವಾಪಸ್ ಆಗಲ್ಲ ಸಾರ್. ಬಂದ ಹಾಗೇ ಪೆಟ್ಟಿಗೆಗೆ ತುಂಬಿ ಇಟ್ಟಿರಬೇಕು."

"ಪೆಟ್ಟಿಗೆಗಾ? ಅತ್ತೆ ಸಮೇತಾನಾ?"

ಆ ಕಡೆ ಕೀಬೋರ್ಡ್ ಟಕಟಕ ಬಡಿದ ಸದ್ದು. "ಅದಕ್ಕೆ ನಮ್ಮಲ್ಲಿ ಆಯ್ಕೆ ಕೊಟ್ಟಿಲ್ಲ ಸಾರ್. ಮತ್ತೆ ಸಾರ್, ಎತ್ತರ ಹದಿನಾರು ಇಂಚು ಅಂತ ಮೂರನೇ ಸಾಲಲ್ಲೇ ಬರೆದಿದೆ."

"ಪೆಟ್ಟಿಗೆ ಮಾತು ಕೇಳಿಸ್ತು ಅಳಿಯಂದಿರೇ!" ಎಂದಿತು ಹಾಲ್‌ನಿಂದ ದನಿ.

ಮಾಲ್‌ಗೆ ಓಡಿದೆ. ಗಾಡಿ ಎಲ್ಲಿ ನಿಲ್ಲಿಸಿದೆನೋ ಆ ದೇವರಿಗೇ ಗೊತ್ತು. ಮೂರನೇ ಮಹಡಿಯಲ್ಲಿ ಟೇಪಣ್ಣ ಹಳದಿ ಟೇಪಿನ ಸಮೇತ ನಿಂತಿದ್ದ.

"ಬನ್ನಿ ಸಾರ್. ಕುರ್ಚಿ ಬಂತಾ ಮನೆಗೆ?"

ನಾನು ತೊದಲಿದೆ. "ನಿಂಗೆ... ನಿಮಗೆ ಹೇಗೆ ಗೊತ್ತು?"

"ನೀವು ಕೂತಿದ್ರಲ್ಲ, ಅದರ ಹಿಂದುಗಡೆ ಡ್ರೆಸ್ಸಿಂಗ್ ಟೇಬಲ್ ಕನ್ನಡಿ ಇದೆ ಸಾರ್. ನಿಮ್ಮ ಫೋನು ಚೆನ್ನಾಗಿ ಕಾಣ್ತಿತ್ತು."

ನಾಚಿಕೆಯಿಂದ ನಾನೂ ನಾಲ್ಕು ಇಂಚು ಕುಗ್ಗಿದೆ. ಆದರೂ ಕುತೂಹಲ ಸಾಯಲಿಲ್ಲ. ಹಸಿರು ಕುರ್ಚಿಯ ಹಿಂದೆ ಹೋಗಿ ಟೇಪು ಹಿಡಿದೆ. ಇಪ್ಪತ್ತು! "ನೋಡಿ, ಇದು ಇಪ್ಪತ್ತು! ಅದ್ಯಾಕೆ ಹದಿನಾರು?"

ಟೇಪಣ್ಣ ಬಗ್ಗಿ, ಕುರ್ಚಿಯ ಕೆಳಗಿನ ಬೂದು ರತ್ನಗಂಬಳಿಯ ಅಂಚನ್ನು ಎತ್ತಿದ. ಅದರಡಿ ಒಂದು ಮರದ ಕಟ್ಟೆ! ಕುರ್ಚಿ ಎದ್ದು ಕಾಣಲೆಂದು ಇಟ್ಟ, ನೆಲದ್ದೇ ಬಣ್ಣದ ಹೊದಿಕೆಯ, ನಾಲ್ಕೇ ನಾಲ್ಕು ಇಂಚಿನ ಕಟ್ಟೆ!

"ಅವತ್ತೇ ಹೇಳೋಕೆ ಬಂದೆ ಸಾರ್. ನೀವು ಚೀಟಿ ತೋರಿಸಿದ್ರಿ."

ಇಪ್ಪತ್ತೇಳು ವರ್ಷ ತಟ್ಟೆಗಳ ಕೆಳಗೆ ಇಣುಕಿದವನು ಒಂದು ಕುರ್ಚಿಯ ಕೆಳಗೆ ಇಣುಕಿರಲಿಲ್ಲ! ನಾನು ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ: ಅತ್ತೆ, ಷರತ್ತು, ಸಂಜೆಯ ಗಾಡಿ, ಹೆಂಡತಿಯ ಕಣ್ಣು. ಟೇಪಣ್ಣ ಒಳಗೆ ಹೋಗಿ ನಾಲ್ಕು ಮರದ ಬಟ್ಟಲು ತಂದ. ಕುರ್ಚಿಯ ಕಾಲುಗಳನ್ನು ಎತ್ತರಿಸಲು ಇಡುವಂಥವು, ಸರಿಯಾಗಿ ನಾಲ್ಕು ಇಂಚಿನವು.

"ನಂಗೆ ಊಟದ ಬಿಡುವಿದೆ. ನಾನೂ ಬರ್ತೀನಿ ನಡೀರಿ," ಎಂದ. "ಆ ಮೇಡಂನ ನೋಡ್ಬೇಕು ಅನ್ನಿಸ್ತಿದೆ."

ಮನೆಗೆ ಬಂದವನು ಅತ್ತೆಯ ಮುಂದೆ ಮಂಡಿಯೂರಿ, ನಾವ್ಯಾರೂ ಇದುವರೆಗೆ ಕೇಳದಿದ್ದ ಒಂದು ಪ್ರಶ್ನೆ ಕೇಳಿದ.

"ಅಮ್ಮ, ಏಳುವಾಗ ಯಾವ ಕಾಲು ಮೊದಲು ಊರ್ತೀರಿ?"

"ಎಡಗಾಲು," ಎಂದರು ಅತ್ತೆ, ಅಚ್ಚರಿಯಿಂದ. "ನನ್ನ ಎಬ್ಬಿಸೋಕೆ ಬಂದ್ರೇನಪ್ಪಾ?"

"ಅಯ್ಯೋ, ನಿಮ್ಮನ್ನ ಯಾರು ಮುಟ್ತಾರೆ? ನಾವು ಕುರ್ಚಿನ ಎತ್ತೋದು. ನೀವು ಆರಾಮಾಗಿ ಕೂತಿರಿ."

ಅವನು ಒಂದೊಂದೇ ಮೂಲೆ ಎತ್ತಿ ಹಿಡಿದ. ನಾನು ನೆಲದ ಮೇಲೆ ಬೋರಲು ಬಿದ್ದು, ತೆವಳಿ ತೆವಳಿ ಒಂದೊಂದು ಕಾಲಿಗೂ ಬಟ್ಟಲು ಸರಿಸಿದೆ. ಅತ್ತೆ ಪಟ್ಟಕ್ಕೇರುವ ರಾಣಿಯಂತೆ ನಾಲ್ಕು ಕಂತಿನಲ್ಲಿ ಮೇಲೇರಿದರು. ಆಮೇಲೆ ಎಡಗಾಲು ಊರಿ, "ಒಂದು, ಎರಡು..." ಮೂರು ಎನ್ನುವ ಮೊದಲೇ ನಿಂತಿದ್ದರು!

ಹೆಂಡತಿ ಅಳುತ್ತಲೂ ನಗುತ್ತಲೂ ಟೇಪಣ್ಣನಿಗೆ ಊಟಕ್ಕೆ ತಟ್ಟೆ ಹಾಕಿದಳು. ಹಾಗೇ ನನ್ನ ಕಡೆ ಬಗ್ಗಿ, "ಅಲ್ರೀ, ತಟ್ಟೆ ಕೆಳಗೆ ಏನೇನೋ ಇಟ್ಟವರನ್ನೆಲ್ಲ ಹಿಡಿದ್ರಿ. ಈಗ ನೀವೇ ಕುರ್ಚಿ ಕೆಳಗೆ ಇಟ್ಟಿದೀರಲ್ಲ, ನಿಮ್ಮನ್ನ ಯಾರು ಹಿಡೀಬೇಕು?" ಎಂದಳು.

ಎದ್ದು ನಿಂತು ತಕ್ಕ ಉತ್ತರ ಕೊಡೋಣವೆಂದುಕೊಂಡೆ. ಏಳಲಾಗಲಿಲ್ಲ! ಸೊಂಟ ನೆಲವನ್ನೇ ಹಿಡಿದುಕೊಂಡಿತ್ತು. ಒಂದು, ಎರಡು, ಮೂರು ಎಂದು ಒಳಗೇ ಎಣಿಸಿದೆ. ಊಹೂಂ.

ಟಕ್ ಟಕ್ ಎಂದು ಊರುಗೋಲು ಹತ್ತಿರ ಬಂತು. ಅತ್ತೆ ನನ್ನ ತಲೆಯ ಬಳಿ ನಿಂತು ಒಂದು ಕೈ ಚಾಚಿದರು.

"ಹಿಡ್ಕೊಳ್ಳಿ ಅಳಿಯಂದಿರೇ. ಇದರಲ್ಲಿ ನಾಚ್ಕೊಳ್ಳೋಂಥದ್ದೇನಿದೆ?"