ಇನ್ನೂರು ಕಾರ್ಡು, ಒಬ್ಬಳೇ ಹೆಂಡತಿ

ಹೊತ್ತು ಉಳಿಸಲು ಹೊರಟ ಮನುಷ್ಯನಿಗೆ ಫಜೀತಿಗಳು ತಪ್ಪಿದ್ದಲ್ಲ. ಉಳಿಸಿದ ಹೊತ್ತೆಲ್ಲ ಆ ಫಜೀತಿ ಬಗೆಹರಿಸುವುದಕ್ಕೇ ಹೋಗುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗೋವೆಯ ಮ್ಹಾಪಸಾ ಪೇಟೆಯಲ್ಲಿ ನನ್ನ ಸೋದರಮಾವನ ಬಟ್ಟೆ ಅಂಗಡಿ. ಬೆಳಿಗ್ಗೆ ಒಂಬತ್ತರಿಂದ ಕತ್ತಲಾಗುವವರೆಗೆ ಅಲ್ಲಿ ಬಟ್ಟೆ ಅಳೆಯುವುದು ನನ್ನ ಕೆಲಸ. ವಾಸ ಪರ್ವರಿಯ ಒಂದು ಬಾಡಿಗೆ ಕೋಣೆಯಲ್ಲಿ. ಹೆಂಡತಿ ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಅವಳು ನೌಕರಿ ಬಿಟ್ಟು ಬರುವಂತಿಲ್ಲ, ನಾನು ಅಂಗಡಿ ಬಿಟ್ಟು ಹೋಗುವಂತಿಲ್ಲ. ಇಷ್ಟು ಸಾಲದೆಂದು ನನಗೊಂದು ಕಾದಂಬರಿ ಬರೆಯುವ ಹುಚ್ಚು. ಎರಡು ವರ್ಷದಲ್ಲಿ ಮುಗಿಸುತ್ತೇನೆ, ಅಲ್ಲಿಯವರೆಗೆ ಊರಿಗೆ ಬರುವುದು ಕಡಿಮೆ ಎಂದು ಹೇಳಿ ಹೊರಟಾಗ ಅವಳು ಅಂದದ್ದು ಇಷ್ಟೇ: "ಬರೀರಿ. ಆದ್ರ ನನಗೂ ವಾರಕ್ಕ ನಾಕು ಸಾಲು ಬರೀರಿ."

೧. ವೇಳಾಪಟ್ಟಿ

ಮೊದಲು ಮಾಡಿದ ಕೆಲಸವೆಂದರೆ ವೇಳಾಪಟ್ಟಿ. ಬಟ್ಟೆಯ ಥಾನಿನೊಳಗಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಕಿಟಕಿಯ ಪಕ್ಕ ತೂಗುಹಾಕಿದೆ. 5:30 ಏಳುವುದು, 5:45 ಕಾದಂಬರಿ, 7:10 ಸ್ನಾನ, ಹೀಗೆ. ಭಾನುವಾರದ ಸಾಲಿನಲ್ಲಿ "8:00ರಿಂದ 8:05, ಹೆಂಡತಿಗೆ ಪತ್ರ" ಎಂದೂ ಇತ್ತು. ನಾಲ್ಕು ಸಾಲಿಗೆ ಐದು ಮಿನಿಟು ಧಾರಾಳವಾಯಿತು ಎಂದು ನನ್ನ ಲೆಕ್ಕ.

ಮನೆಯ ಒಡತಿ ವಯಸ್ಸಾದ ಕೊಂಕಣಿ ಬಾಯಿ. ಅವಳಿಗೆ ಕನ್ನಡ ಬಾರದು, ಅಂಕಿ ಬರುತ್ತವೆ. ಮೂರನೆಯ ದಿನ ಓಣಿಯವನೊಬ್ಬ ಕಿಟಕಿಯಲ್ಲಿ ಇಣುಕಿ, "ಪಣಜಿ ಬಸ್ಸು 7:10ಕ್ಕೋ?" ಎಂದು ಕೇಳಿದ. ಆಮೇಲೆ ಇನ್ನೊಬ್ಬ ಬಂದ. ತನ್ನ ಬಾಡಿಗೆಯವನು ಬಸ್ಸಿನ ಟೈಮೆಲ್ಲ ಬರೆದು ಹಾಕಿದ್ದಾನೆಂದು ಬಾಯಿ ಓಣಿಗೆಲ್ಲ ಹೇಳಿಬಿಟ್ಟಿದ್ದಳು. ನಿಜ ಹೇಳಿ ಅವರನ್ನು ಕಳಿಸಬಹುದಿತ್ತು. ಆದರೆ ಇಡೀ ದಿನದಲ್ಲಿ ನನ್ನ ಕಿಟಕಿಗೆ ಬರುತ್ತಿದ್ದವರು ಅವರೇ. ಹೀಗಾಗಿ ಹೌದೆಂದುಬಿಟ್ಟೆ. ಯಾರೂ ತಕರಾರು ಮಾಡಲಿಲ್ಲ. ಆ ಪಟ್ಟಿಯ ಪ್ರಕಾರ ನಾನೂ ನಡೆಯುತ್ತಿರಲಿಲ್ಲ, ಪಣಜಿ ಬಸ್ಸುಗಳು ಯಾವ ಪಟ್ಟಿಯ ಪ್ರಕಾರವೂ ನಡೆಯುತ್ತಿರಲಿಲ್ಲ.

೨. ಬಿಸಿ ಪಾವು

ಬೆಳಗಿನ ಐದೂವರೆಗೆ ಏಳುವುದು ಬರೆದಷ್ಟು ಸುಲಭವಾಗಿರಲಿಲ್ಲ. ಸೈಕಲ್ಲಿನಲ್ಲಿ ಹಾರ್ನು ಒತ್ತುತ್ತ ಪಾವು ಬ್ರೆಡ್ಡು ಮಾರಲು ಬರುವವನಿಗೆ, ದೀಪ ಹತ್ತುವವರೆಗೆ ನನ್ನ ಕಿಟಕಿಯ ಕೆಳಗೇ ಹಾರ್ನು ಒತ್ತಪ್ಪಾ ಎಂದು ಹೇಳಿದೆ. ಮನುಷ್ಯ ಪ್ರಾಮಾಣಿಕ. ಮರುದಿನ ನನ್ನ ದೀಪದ ಜೊತೆಗೆ ಇನ್ನೂ ಏಳು ಮನೆಯ ದೀಪ ಹತ್ತಿದವು.

ಒಂದು ದಿನ ಅವನು ಕೊಂಕಣಿಯಲ್ಲಿ ಕೇಳಿದ, ಇಷ್ಟು ಬೇಗ ಎದ್ದು ಏನು ಬರೆಯುತ್ತೀಯೆಂದು. ಕಾದಂಬರಿಗೆ ಅವನ ಮಾತಿನಲ್ಲಿ ಏನೆನ್ನುತ್ತಾರೆಂದು ನನಗೆ ಹೊಳೆಯಲಿಲ್ಲ. "ಚಿಟ್ಠಿ" ಎಂದೆ. ಯಾರಿಗೆ ಎಂದ. ಹೆಂಡತಿಗೆ ಎಂದೆ. ದಿನಾಲೂ ಒಂದು ತಾಸು ಹೆಂಡತಿಗೆ ಪತ್ರ ಬರೆಯುವ ಗಂಡನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲವಂತೆ. ಅಂದಿನಿಂದ ಒಂದು ಪಾವು ಮೇಲೆ ಕೊಡತೊಡಗಿದ.

ಅವಳಿಗೆ ಪತ್ರ ಬರೆದು ಆಗ ಐದು ವಾರವಾಗಿತ್ತು. ಆ ಹೆಚ್ಚಿನ ಪಾವು ನನಗೆ ಸಲ್ಲತಕ್ಕದ್ದಲ್ಲ ಎಂದು ಗೊತ್ತಿತ್ತು. ಆದರೂ ತಿಂದೆ. ಬಿಸಿಯಾಗಿತ್ತು.

೩. ಆ ಊರಿಗೆ ಬಸ್ಸು

ಶುಕ್ರವಾರ ಮ್ಹಾಪಸಾದ ಸಂತೆ. ಅಂದು ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಆದರೂ ಕಾದಂಬರಿಯ ಹಾಳೆಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿದ್ದವು. ಸಮುದ್ರದ ದಂಡೆಯಲ್ಲಿ ಮಣಿಸರ ಮಾರುವ ವಿಜಾಪುರ ಕಡೆಯ ಹೆಣ್ಣುಮಗಳೊಬ್ಬಳು ಕುಬಸದ ಬಟ್ಟೆಗೆ ಬಂದವಳು ಅವನ್ನು ನೋಡಿ, "ಏನ್ ಬರದೀರಿ ಅಣ್ಣಾರ?" ಎಂದಳು.

ಕನ್ನಡದಲ್ಲಿ ಯಾರೋ ಕೇಳಿದರಲ್ಲ ಎಂದು ಜೀವ ಹಿಗ್ಗಿತು. ಮಾವ ಊಟಕ್ಕೆ ಹೋಗಿದ್ದರು. ಓದಿಯೇಬಿಟ್ಟೆ. ಗಂಡ ದೂರದ ಊರಿಗೆ ಹೋಗಿದ್ದಾನೆ. ನಾಯಕಿ ಕಿಟಕಿಯಲ್ಲಿ ಕೂತು ದಾರಿ ಕಾಯುತ್ತಾಳೆ. ಅರವತ್ತು ಪುಟ ಕಾಯುತ್ತಾಳೆ. ಅದೇ ಕಾದಂಬರಿಯ ಹೃದಯ. ಮಣಿಸರದವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಪಾಪ, ಅಕಿಗೆ ಕಾಲಿಲ್ಲೇನ್ರಿ?"

"ಕಾಲು ಅದಾವಬೇ."

"ಮತ್ತ ಆ ಊರಿಗೆ ಬಸ್ ಇಲ್ಲೇನ್ರಿ?"

ಹಾಳೆ ಮಡಚಿಟ್ಟು ಬಟ್ಟೆ ಅಳೆದುಕೊಟ್ಟೆ. ಮರುದಿನ ಕಾದಂಬರಿಯಲ್ಲಿ ಒಂದು ಹೊಳೆ ಸೇರಿಸಿ, ಅದಕ್ಕೆ ಮಹಾಪೂರ ತರಿಸಿ, ಬಸ್ಸು ನಿಲ್ಲಿಸಿದೆ.

೪. ಅಚ್ಚು ಹಾಕಿಸಿದ ಪ್ರೀತಿ

ವಾರದ ನಾಲ್ಕು ಸಾಲು ಮಾತ್ರ ತಪ್ಪುತ್ತಲೇ ಹೋಯಿತು. ಮಾಲು ತರಲು ಬೆಳಗಾವಿಗೆ ಹೋದಾಗ ಒಂದು ಉಪಾಯ ಹೊಳೆಯಿತು. ಲಗ್ನಪತ್ರಿಕೆ ಅಚ್ಚು ಹಾಕುವವನ ಹತ್ತಿರ ಹೋಗಿ ಇನ್ನೂರು ಕಾರ್ಡು ಹೇಳಿದೆ. ಒಕ್ಕಣೆ ಹೀಗಿತ್ತು:

"ಪ್ರಿಯ ______, ನಾನು ಕ್ಷೇಮ. ಊಟ ______ ಆಗುತ್ತಿದೆ. ಇಲ್ಲಿ ಮಳೆ ______. ನಿನ್ನ ನೆನಪು ______ ಬರುತ್ತದೆ. ನಾನು ______ ಬರುತ್ತೇನೆ."

ಅಚ್ಚಿನವನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದ. "ಇನ್ನೂರು ಬೇಕ್ರಿ?"

"ಹೌದ್ರಿ."

"ಎಷ್ಟು ಮಂದಿ ಹೆಂಡ್ರು ಅದಾರ್ರಿ ನಿಮಗ?"

೫. ಐದಕ್ಕೆ ಒಂದು

ಇನ್ನೂ ಹೊತ್ತು ಉಳಿಯಲಿ ಎಂದು ಒಂದು ಆಷಾಢದ ಭಾನುವಾರ ಕೂತು ಮೂವತ್ತು ಕಾರ್ಡು ಒಮ್ಮೆಗೇ ತುಂಬಿಸಿಟ್ಟೆ. ವಾರಕ್ಕೊಂದು ಡಬ್ಬಿಗೆ ಹಾಕಿದರಾಯಿತು. ಉಳಿದ ಐದು ಮಿನಿಟೂ ಕಾದಂಬರಿಗೆ ಸಿಕ್ಕಿತು.

ಜನವರಿಯಲ್ಲಿ ಅವಳಿಂದ ಒಂದು ಲಕೋಟೆ. ಒಳಗೆ ನನ್ನದೇ ಕಾರ್ಡು, ಕೆಂಪು ಮಸಿಯಲ್ಲಿ ತಿದ್ದಿದ್ದು. "ಊಟ ಚೆನ್ನಾಗಿ", ತಪ್ಪು. "ಇಲ್ಲಿ ಮಳೆ ಜೋರು", ತಪ್ಪು, ಪಕ್ಕದಲ್ಲಿ "ಸಂಕ್ರಾಂತಿಗೆ?" ಎಂಬ ಪ್ರಶ್ನೆ. "ನೆನಪು ಆಗಾಗ", ತಪ್ಪು. "ಬೇಗ ಬರುತ್ತೇನೆ" ಎಂಬುದಕ್ಕೆ ಎರಡು ಗೀಟು. ಕೆಳಗೆ ಟೀಚರ ದುಂಡು ಅಕ್ಷರದಲ್ಲಿ: "ಐದಕ್ಕೆ ಒಂದು. ಹೆಸರು ಸರಿ ಬರೆದದ್ದಕ್ಕೆ."

ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಅಷ್ಟಾದರೂ ಕಾದಂಬರಿ ಮುಗಿಯುವ ಹಂತದಲ್ಲಿದೆ ಎಂದು ಸಮಾಧಾನ ಮಾಡಿಕೊಂಡೆ.

೬. ವಿಷಾದಿಸುತ್ತೇವೆ

ಮಾರ್ಚಿನಲ್ಲಿ ಕಾದಂಬರಿ ಮುಗಿಯಿತು. ಒಂದು ವಾರಪತ್ರಿಕೆಗೆ ಕಳಿಸಿದೆ. ತಿಂಗಳಾದ ಮೇಲೆ ಕಟ್ಟು ತಿರುಗಿ ಬಂತು, ಮೇಲೊಂದು ಅಚ್ಚಿನ ಕಾರ್ಡು: "ನಿಮ್ಮ ______ ತಲುಪಿತು. ಪ್ರಕಟಿಸಲಾಗದ್ದಕ್ಕೆ ವಿಷಾದಿಸುತ್ತೇವೆ." ಖಾಲಿ ಜಾಗದಲ್ಲಿ ಯಾರೋ "ಕವನ" ಎಂದು ತುಂಬಿದ್ದರು. ಮುನ್ನೂರ ನಲವತ್ತು ಪುಟದ ಕವನ!

ನನಗೆ ಮೈಯೆಲ್ಲ ಉರಿಯಿತು. "ಒಬ್ಬ ಮನುಷ್ಯ ಎರಡು ವರ್ಷ ಒದ್ದಾಡ್ಯಾನ, ಎರಡು ಸಾಲು ಕೈಲೆ ಬರಿಯಾಕ ಇವರಿಗೇನು ಧಾಡಿ!" ಎಂದು ಕೂಗಿದೆ. ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಮೇಜಿನ ಮೇಲೆ ನನ್ನ ಕಾರ್ಡಿನ ಕಟ್ಟು ಮಾತ್ರ ಇತ್ತು. ಅದನ್ನು ನೋಡುತ್ತ ಕೂತೆ. ನನ್ನಷ್ಟು ಒಂಟಿ ಮನುಷ್ಯ ಗೋವೆಯಲ್ಲಿ ಇನ್ನೊಬ್ಬನಿಲ್ಲ ಅನ್ನಿಸಿತು. ಅದಕ್ಕೆ ಕಾರಣ ನಾನೇ ಎಂಬುದೂ ಹೊಳೆಯಿತು. ಅಲ್ಲೇ ಕೂತು ಅವಳಿಗೆ ಕೈಯಾರೆ ಏಳು ಪುಟ ಬರೆದೆ. ಊಟ ಸರಿಯಿಲ್ಲ ಎಂದು ಬರೆದೆ. ನೆನಪು ಆಗಾಗ ಅಲ್ಲ ಎಂದೂ ಬರೆದೆ.

ಎಂಟನೆಯ ದಿನ ಲಕೋಟೆ ಬಂತು. ಒಳಗೆ ಮತ್ತೆ ನನ್ನ ಕಾರ್ಡು! ಆ ಮೂವತ್ತರಲ್ಲಿ ಒಂದನ್ನು ನಾನು ತುಂಬದೆಯೇ ಕಳಿಸಿಬಿಟ್ಟಿದ್ದೆನಂತೆ. ಅದನ್ನವಳು ಜೋಪಾನ ಮಾಡಿಟ್ಟಿದ್ದಳು. ಈಗ ಅದರಲ್ಲಿ ಅವಳ ಅಕ್ಷರವಿತ್ತು. ಕೊನೆಯ ಸಾಲು: "ನಾನು ಶುಕ್ರವಾರ ಬರುತ್ತೇನೆ." ಕೆಳಗೆ ಅವಳೇ ಒಂದು ಸಾಲು ಸೇರಿಸಿದ್ದಳು: "ಬಿಟ್ಟ ಸ್ಥಳ ತುಂಬಿರಿ: ಗೋವೆಯಲ್ಲಿ ______ ದಿನ ಇರುತ್ತೇನೆ. ಈ ಪ್ರಶ್ನೆಗೆ ನೂರು ಅಂಕ."

೭. ಧಾರವಾಡದ ಬಸ್ಸು

ಸಂತೆಯ ದಿನವೇ ಅಂಗಡಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ಮಾವ ಹಿಂದಿನಿಂದ ಬಯ್ಯುತ್ತಿದ್ದುದು ಕೇಳಿಸಲೇ ಇಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ರೊಟ್ಟಿಯ ಗಂಟು ಹಿಡಿದು ಅವಳು ಇಳಿದಳು. "ರಜಾ ಮುಗಿಯೂತನಕ ಇರು" ಎಂದೆ. "ಸರಿ ಉತ್ತರ" ಎಂದಳು.

ಪರ್ವರಿಯ ಕೋಣೆಯ ಬಾಗಿಲಲ್ಲೇ ಒಡತಿ ಬಾಯಿ ಕಾದಿದ್ದಳು. ನಿನ್ನ ಗಂಡ ಭಾರಿ ಉಪಕಾರಿ, ಊರಿನ ಬಸ್ಸಿನ ಟೈಮೆಲ್ಲ ಅವನ ಗೋಡೆಯ ಮೇಲಿದೆ ಎಂದು ಹಿಂದಿ ಕೊಂಕಣಿ ಕಲಸಿ ಹೊಗಳಿದಳು. ಹೆಂಡತಿ ಆ ರಟ್ಟಿನ ಮುಂದೆ ನಿಂತಳು. ಆ ಓಣಿಯಲ್ಲಿ ಅದನ್ನು ಓದಬಲ್ಲವನು ಅಲ್ಲಿಯವರೆಗೆ ನಾನೊಬ್ಬನೇ. ಅವಳ ಬೆರಳು ಒಂದೊಂದೇ ಸಾಲು ಇಳಿಯುತ್ತ ಭಾನುವಾರಕ್ಕೆ ಬಂತು. 8:00ರಿಂದ 8:05. ಅಲ್ಲೇ ನಿಂತಿತು.

"ಈ ಐದು ಮಿನಿಟಿನ ಬಸ್ಸು ಯಾವ ಊರಿಗೆ ಹೋಗತದ್ರಿ?"

"ಧಾರವಾಡಕ್ಕ," ಎಂದೆ, ತಲೆ ತಗ್ಗಿಸಿ.

"ಹೌದ? ಎರಡು ವರ್ಷ ಸ್ಟ್ಯಾಂಡಿನಾಗ ನಿಂತಿದ್ನಿ, ಬರಲೇ ಇಲ್ಲ," ಎಂದು ಅವಳು ರೊಟ್ಟಿಯ ಗಂಟು ಬಿಚ್ಚಿದಳು. "ಕಡೀಕ ಬ್ಯಾರೆ ಬಸ್ ಹಿಡದು ಬಂದ್ನಿ. ಕೈ ತೊಳಕೊಂಡು ಬರ್ರಿ."